ಅಕ್ಕಡಿ ಕಾಳು

ಆ ಮನೆಯ ಯಾವ ಕಾಗದದಲ್ಲೂ ತಾಯವ್ವನ ಹೆಸರಿರಲಿಲ್ಲ. ಎಂಟು ಎಕರೆ ಹೊಲದ ಉತಾರ ಮಗ ಭೀಮಶಿಯದು, ಕರೆಂಟಿನ ಬಿಲ್ಲು ತೀರಿಹೋದ ಗಂಡನದು, ಗ್ಯಾಸಿನ ಪುಸ್ತಕ ಸೊಸೆ ನಂದಾಳದು. ಆದರೆ ಅಕ್ಕಡಿ ಸಾಲು ಮಾತ್ರ ಐವತ್ತು ವರ್ಷದಿಂದ ತಾಯವ್ವನದು. ಜೋಳ ಬಿತ್ತುವಾಗ ಆರು ಸಾಲಿಗೆ ಒಂದು ಸಾಲು ಬಿಟ್ಟು ಅದರಲ್ಲಿ ತೊಗರಿ, ಹೆಸರು, ಮಡಿಕಿ, ಅಲಸಂದಿ, ಗುರೆಳ್ಳು ಬೆರೆಸಿ ಹಾಕುತ್ತಾರಲ್ಲ, ಅದೇ ಅಕ್ಕಡಿ. ಜೋಳ ಗಂಡಸಿಗೆ, ಅಕ್ಕಡಿ ಹೆಂಗಸಿಗೆ. ಅದರ ಲೆಕ್ಕ ಕೇಳುವ ಗಂಡಸು ಆ ಸೀಮೆಯಲ್ಲಿ ಹುಟ್ಟಿಲ್ಲ.

ಬೀಜ ಅವಳ ತವರಿನದು. ಹುಕ್ಕೇರಿ ಕಡೆಯ ಊರಿನಿಂದ ಮದುವೆಯಾಗಿ ಬರುವಾಗ ತಾಯಿ ಉಡಿಗೆ ಹಾಕಿ ಕಳಿಸಿದ್ದು. ಆಮೇಲೆ ಆ ಊರಿನ ಹೊಲಗಳೆಲ್ಲ ಹಿಡಕಲ್ ಡ್ಯಾಮಿನ ನೀರಿನಡಿ ಹೋದವು. ಕರೀ ಮೂತಿಯ ಆ ಅಲಸಂದಿ, ಸಾಸಿವೆಗಿಂತ ತುಸು ದಪ್ಪನೆಯ ಆ ಮಡಿಕಿ ಈಗ ತಾಯವ್ವನ ಗಡಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಊರಿನವರು ಕೇಳಿರಲಿಲ್ಲವೆಂದಲ್ಲ. ಬಾಜೂ ಮನೆಯ ಕರೆವ್ವ ಮೂರು ವರ್ಷ ಸೆರಗೊಡ್ಡಿ ಕೇಳಿದ್ದಳು. "ಕೊಟ್ಟ ಬೀಜಾ, ಕೊಟ್ಟ ಮಗಳು ತಿರುಗಿ ಬರಾಂಗಿಲ್ಲ," ಎಂದು ತಾಯವ್ವ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಳು.

ಹೊರಗಿನವರದು ಬಿಡಿ, ಮನೆಯ ಸೊಸೆಗೂ ಅಷ್ಟೇ. ನಂದಾ ಆ ಮನೆಗೆ ಬಂದು ಇಪ್ಪತ್ತೊಂದು ವರ್ಷ. ಸಾರಿಗೊಂದು ಹಿಡಿ ಕಾಳು ಬೇಕಾದರೂ ಅತ್ತೆಯ ಮುಂದೆ ಬೊಗಸೆ ಚಾಚಬೇಕು. ಅತ್ತೆ ಎಣಿಸಿದಂತೆ ಹಾಕುತ್ತಿದ್ದಳು. ಒಂದು ಸಾಲನ್ನಾದರೂ ಸೊಸೆಗೆ ಬಿಡುವ ಮಾತು ಅವಳ ಬಾಯಿಂದ ಬಂದಿರಲಿಲ್ಲ.

ಕಾಲುವೆಯ ನೀರು ಬಂದಮೇಲೆ ಜೋಳವೇ ಕಡಿಮೆಯಾಯಿತು. ಎಂಟರಲ್ಲಿ ಆರು ಎಕರೆ ಕಬ್ಬಿಗೆ ಹೋಯಿತು. ಉಳಿದದ್ದು ರಸ್ತೆಯಿಂದ ಹಳ್ಳದವರೆಗಿನ ಎರಡು ಎಕರೆ ಎರೆ ನೆಲ. ಅಲ್ಲಿ ತಾಯವ್ವ ಪ್ರತಿವರ್ಷ ಮಗನೊಂದಿಗೆ ಜಗಳಾಡಿ ಜೋಳ ಹಾಕಿಸುತ್ತಿದ್ದಳು. ಪ್ರತಿವರ್ಷ ಭೀಮಶಿ, "ಇದೊಂದ ವರ್ಷ ಆಡಕೋ, ಮುಂದಿನ ವರ್ಷ ಇದಕ್ಕೂ ಕಬ್ಬ," ಅನ್ನುತ್ತಿದ್ದ.

ಈ ವರ್ಷ ಮೇ ತಿಂಗಳಲ್ಲಿ ಕಾಶಿನಾಥ ಎಂಬ ತರುಣ ಕೃಷಿ ಅಧಿಕಾರಿ ಮೋಟಾರ್ ಸೈಕಲ್ಲಿನಲ್ಲಿ ಮನೆಗೆ ಬಂದ. ಕಬ್ಬಿನ ಸೀಮೆಯಲ್ಲಿ ಎರಡು ಎಕರೆಯನ್ನಾದರೂ ಜೋಳ-ಅಕ್ಕಡಿಗೆ ಬಿಟ್ಟರೆ, ಬದುವಿಗೆ ಕಳೆನಾಶಕ ಹೊಡೆಯದೆ ಮರ ಉಳಿಸಿದರೆ, ಮೂರು ವರ್ಷ ಸರ್ಕಾರ ದುಡ್ಡು ಕೊಡುತ್ತದೆ, ಉಳಿದ ಕಬ್ಬಿಗೆ ಹನಿ ನೀರಾವರಿಯ ಪೈಪೂ ಕೊಡುತ್ತದೆ ಎಂದ.

"ಯಾಕ್ರಿ ಸಾಹೇಬ್ರ, ಸರ್ಕಾರಕ್ಕ ಸಕ್ಕರಿ ಸಾಕಾತೇನು?" ಎಂದ ಭೀಮಶಿ.

"ಸಕ್ಕರಿ ಸಾಕಾಗಿಲ್ರಿ, ನೆಲಾ ಸಾಕಾಗೈತಿ. ನಿಮ್ಮ ಕೆಳಗಿನ ಪಟ್ಟಿ ನೋಡ್ರಿ, ಸುಣ್ಣಾ ಬಳದಂಗ ಸವಳಾಗೈತಿ. ಇನ್ನ ಹತ್ತು ವರ್ಷಕ್ಕ ಕಬ್ಬೂ ಇಲ್ಲ, ಜೋಳಾನೂ ಇಲ್ಲ ಅನ್ನೂ ಹಂಗ ಆಕ್ಕತಿ. ಆದ್ರ ಒಂದ ಕರಾರ. ಮನೀ ಬೀಜಾನ ಹಾಕಬೇಕು. ಅಂಗಡಿಯ ಕೆಂಪು ಪುಡಿ ಹಚ್ಚಿದ ಬೀಜಾ ನಡಿಯಾಂಗಿಲ್ಲ. ಬಿತ್ತಿದ ನಾಲ್ವತ್ತು ದಿನಕ್ಕ ನಾನ ಬಂದ ನೋಡ್ತೇನಿ."

ಆ ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಇದೇ ಮಾತು. ಮೊಮ್ಮಗಳು ಕಾಜಲ್ ಅರಭಾವಿಯ ಕಾಲೇಜಿನಲ್ಲಿ ತೋಟಗಾರಿಕೆ ಓದುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು.

"ಪಪ್ಪಾ, ಹಾಕ್ರಿ ಅರ್ಜಿ," ಎಂದಳು. "ಹೊಲದಾಗ ಇದ್ದವರು ನಾವು, ಅರ್ಧಾ ವರ್ಷ ಜೋಳಾ ಕೊಂಡ ತಿನ್ನಾಕತ್ತೇವಿ. ನಾಚಿಕಿ ಬರೂದಿಲ್ಲೇನು?"

"ಕಬ್ಬಿನ ಬಿಲ್ಲಿನಾಗ ನಿನ್ನ ಫೀ ತುಂಬಾಕ ನಾಚಿಕಿ ಬರಲಿಲ್ಲಲ್ಲ ನಿನಗ?" ಎಂದ ಭೀಮಶಿ. ಆಮೇಲೆ ರೊಟ್ಟಿ ಮುರಿಯುತ್ತ ಯೋಚಿಸಿ, "ಆತು, ಹಾಕ್ತೇನಿ. ಪಾಸಾತು ಅಂದ್ರ ಮೂರು ವರ್ಷ ಆ ಎರಡು ಎಕರೆ ಮುಟ್ಟಾಂಗಿಲ್ಲ. ಫೇಲಾತು ಅಂದ್ರ ಈ ಮಳಿಗಾಲದಾಗ ಅಲ್ಲೂ ಕಬ್ಬ. ಆಮ್ಯಾಲ ಯವ್ವಾ, ನೀ ಸಾಯೂತನಕ ನನ್ನ ಮುಂದ ಅಕ್ಕಡಿ ಅನಬಾರದು," ಎಂದ.

ತಾಯವ್ವನಿಗೆ ಬೇಕಾಗಿದ್ದೂ ಅದೇ. ಮೂರು ವರ್ಷ! ಅಷ್ಟರಲ್ಲಿ ತಾನು ಕಣ್ಣು ಮುಚ್ಚಬಹುದು. ಮುಚ್ಚುವ ತನಕ ಸಾಲು ತನ್ನದು.

ಆದರೆ ಭೀಮಶಿ ಅಷ್ಟಕ್ಕೆ ನಿಲ್ಲಿಸಲಿಲ್ಲ. "ನಿನ್ನ ಮಣಕಾಲ ನೋವು. ಮೂವತ್ತು ಸಾಲ ನಿನ್ನ ಕೈಲೆ ಆಗೂದಿಲ್ಲ. ರಸ್ತೆ ಕಡಿಯ ಹದಿನೈದ ನೀ ಹಾಕು, ಹಳ್ಳದ ಕಡಿಯ ಹದಿನೈದ ನಂದಾ ಹಾಕಲಿ. ಆಕಿ ಹಾಕಿದ್ದ ಆಕೀಗೆ."

ನಂದಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅತ್ತೆಯ ಮುಖ ನೋಡಿ, ತಟ್ಟನೆ ತಲೆ ತಗ್ಗಿಸಿದಳು. ತಗ್ಗಿಸಿದ ಮುಖದಲ್ಲಿ ನಗು ಇತ್ತು. ತಾಯವ್ವ ಆ ನಗು ನೋಡಿದಳು. ನೋಡಿದ್ದೇ ತಪ್ಪಾಯಿತು.

"ಇಪ್ಪತ್ತೊಂದು ವರ್ಷ ಕಾದಾಳ ನೋಡ, ಹದ್ದಿನಂಗ," ಎಂದಳು.

"ಕಾದಿಲ್ರಿ ಅತ್ತಿ, ದುಡದೇನಿ," ಎಂದಳು ನಂದಾ.

ಅಬ್ಬಾ! ಇಪ್ಪತ್ತೊಂದು ವರ್ಷದಲ್ಲಿ ಅಷ್ಟು ಉದ್ದದ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಹೊಲ ಇನ್ನೂ ಬಿತ್ತಿಲ್ಲ, ಆಗಲೇ ನಾಲಿಗೆ ಮೊಳಕೆಯೊಡೆದಿದೆ ಎಂದುಕೊಂಡಳು ತಾಯವ್ವ. ನಾಳೆ ಹದಿನೈದು ಸಾಲಿನ ಕಾಳು ಮಾರಿ ಕೈಯಲ್ಲಿ ನಾಲ್ಕು ಕಾಸು ಮಾಡಿದಳೆಂದರೆ ತನ್ನನ್ನು ಯಾರು ಕೇಳುತ್ತಾರೆ? ಅಟ್ಟದ ಮೇಲಿನ ಹಳೆಯ ಮೊರಕ್ಕೂ ತನಗೂ ವ್ಯತ್ಯಾಸವಿರುವುದಿಲ್ಲ. ಆ ರೊಟ್ಟಿ ಅವಳಿಗೆ ರುಚಿಸಲಿಲ್ಲ.

ಮಳೆ ಬಂತು. ಬಿತ್ತುವ ಹಿಂದಿನ ದಿನ ನಂದಾ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಒಲೆಯ ಮೇಲೆ ರೊಟ್ಟಿ ಸುಟ್ಟ ಹಂಚು ಇನ್ನೂ ಕಾದಿತ್ತು. ತಾಯವ್ವ ಗಡಿಗೆಯಿಂದ ಹದಿನೈದು ಸಾಲಿಗಾಗುವಷ್ಟು ಕಾಳು ತೆಗೆದಳು. ಹಂಚಿನ ಮೇಲೆ ಹರವಿ, ಕೆಂಪಾಗದಂತೆ, ಸಿಪ್ಪೆ ಒಡೆಯದಂತೆ, ಕೈಯಾಡಿಸುತ್ತ ಕೂತಳು. ಬೆರಳು ಸುಡುವಷ್ಟು ಕಾದಮೇಲೆ ಮೊರಕ್ಕೆ ಸುರುವಿ ಆರಿಸಿದಳು. ನೋಡಿದರೆ ಅದೇ ಕಾಳು, ಅದೇ ಬಣ್ಣ. ಒಳಗಿನ ಜೀವ ಮಾತ್ರ ಹೋಗಿತ್ತು.

ಫೇಲಾದರೆ? ಆ ಪ್ರಶ್ನೆ ಅವಳಿಗೆ ಬಾರದೆ ಇರಲಿಲ್ಲ. ಆದರೆ ಅವಳು ಎಪ್ಪತ್ತು ವರ್ಷದಲ್ಲಿ ಎಷ್ಟು ಸಾಹೇಬರನ್ನು ನೋಡಿಲ್ಲ! ಬರ ನೋಡಲು ಬಂದವರು, ನೆರೆ ನೋಡಲು ಬಂದವರು, ಎಲ್ಲರೂ ರಸ್ತೆಯ ಬದುವಿನ ಮೇಲೆ ನಿಂತು, ಬೂಟಿಗೆ ಎರೆ ಮಣ್ಣು ಹತ್ತದಂತೆ ಪ್ಯಾಂಟು ಎತ್ತಿಕೊಂಡು, ಚಹಾ ಕುಡಿದು ಹೋದವರೇ. ರಸ್ತೆಗೆ ಕಾಣುವುದು ತನ್ನ ಸಾಲು. ಹೊಲ ಪಾಸಾಗುತ್ತದೆ, ಸೊಸೆ ಫೇಲಾಗುತ್ತಾಳೆ. ಇಷ್ಟೇ ಅವಳ ಲೆಕ್ಕ.

ಮರುದಿನ ಆಳು ಮಾಯಪ್ಪ ಎತ್ತು ಕಟ್ಟಿ ಕೂರಿಗೆ ಹೂಡಿದ. ಅಕ್ಕಡಿ ಬಿತ್ತುವವಳಿಗೆ ಹಿರಿಯಳು ಉಡಿ ತುಂಬಿಯೇ ಬೀಜ ಕೊಡಬೇಕು, ಅದು ರಿವಾಜು. ನಂದಾ ಹೊಸ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಬದುವಿನ ಮೇಲೆ ಉಡಿಯೊಡ್ಡಿ ನಿಂತಳು. ತಾಯವ್ವ ಅವಳ ಹಣೆಗೆ ಅರಿಷಿಣ-ಕುಂಕುಮ ಹಚ್ಚಿ, ಮೊರ ಬಗ್ಗಿಸಿ ಐದು ಬಗೆಯ ಕಾಳನ್ನೂ ಉಡಿಗೆ ಸುರಿದಳು.

"ಹೊಲಾ ತುಂಬಲಿ, ಮನಿ ತುಂಬಲಿ," ಎಂದಳು. ಬಾಯಿ ತಡವರಿಸಲಿಲ್ಲ.

ನಂದಾಳ ಕಣ್ಣು ತುಂಬಿ ಬಂತು. ಬಗ್ಗಿ ಅತ್ತೆಯ ಪಾದ ಮುಟ್ಟಿದಳು. "ನನಗ ಸಿಟ್ಟ ಭಾಳ ಇತ್ತರಿ ನಿಮ್ಮ ಮ್ಯಾಲ. ತಪ್ಪ ತಿಳಕೊಂಡಿದ್ನಿ," ಎಂದಳು. ತಾಯವ್ವ ತನ್ನ ಸಾಲಿನ ಕಡೆ ನಡೆದಳು.

ಎಂಟು ದಿನಕ್ಕೆ ಹೊಲ ಹಸಿರಾಯಿತು. ರಸ್ತೆಯ ಕಡೆ ಜೋಳದ ನಡುವೆ ಅಲಸಂದಿ ಜೋಡೆಲೆ ಬಿಟ್ಟು ನಿಂತಿತು. ಹಳ್ಳದ ಕಡೆ ಜೋಳ ಬಂದಿತ್ತು, ಅಕ್ಕಡಿ ಸಾಲು ಬೋಳಾಗಿತ್ತು. ನಂದಾ ದಿನಾ ಬೆಳಗ್ಗೆ ಹೋಗಿ ಕೂತು ಬೆರಳಿನಿಂದ ಮಣ್ಣು ಕೆದರಿ ನೋಡುತ್ತಿದ್ದಳು. ಕಾಳು ಉಬ್ಬಿತ್ತು, ಮೊಳಕೆ ಇರಲಿಲ್ಲ. ಹನ್ನೆರಡನೆಯ ದಿನ ಒಳಗೆ ಕೊಳೆತ ವಾಸನೆ ಬಂತು.

"ಅತ್ತಿ, ಉಡ್ಯಾಗ ಉಳದದ್ದು ಸಾಲಾಂಗಿಲ್ಲ, ಇನ್ನೊಂದೀಟು ಬೀಜಾ ಕೊಡ್ರಿ. ಸಾಲಿನಾಗ ಕೈಲೆ ಊರ್ತೇನಿ. ಇನ್ನೂ ವ್ಯಾಳೆ ಐತಿ," ಎಂದು ಬಂದಳು.

"ಎಲ್ಲಿಂದ ತರಲಿ? ಇದ್ದದ್ದೆಲ್ಲಾ ನಿನ್ನ ಉಡಿಗೆ ಸುರದೇನಿ."

ಭೀಮಶಿಯೂ ಕೇಳಿದ. ಅಡುಗೆಮನೆಗೆ ಬಂದು, ಖಾಲಿ ಗಡಿಗೆ ಬಾರಿಸಿ ನೋಡಿ, "ಖರೆ ಹೇಳು ಯವ್ವಾ. ಒಂದ ಹಿಡಿನೂ ಇಲ್ಲ?"

"ದ್ಯಾಮವ್ವನ ಆಣಿ. ಒಂದ ಕಾಳ ಇದ್ರ ನನ್ನ ಕಣ್ಣ ಹೋಗ್ಲಿ."

ಉಳಿದ ಬೀಜವನ್ನು ಅವಳು ಅರಿವೆಯ ಗಂಟು ಕಟ್ಟಿ, ಜೋಳದ ತಗಡಿನ ಪೀಪಾಯಿಯ ತಳದಲ್ಲಿ ಹುಗಿದಿಟ್ಟಿದ್ದಳು. ಕಣ್ಣೇನೂ ಹೋಗಲಿಲ್ಲ.

ಅಂದಿನಿಂದ ಮನೆಯಲ್ಲಿ ನಂದಾಳ ಕೈಯ ಮಾತೇ ಮಾತು. ಸಾರು ತೆಳುವಾದರೆ ಅವಳ ಕೈ, ಎಮ್ಮೆ ಹಾಲು ಕಡಿಮೆ ಕೊಟ್ಟರೆ ಅವಳ ಕೈ. ಭೀಮಶಿ ಒಂದು ದಿನ ತಾಟು ತಳ್ಳಿ, "ಅದ ಹೊಲಾ, ಅದ ಬೀಜಾ, ಅದ ಕೂರಿಗಿ. ಅವ್ವನ ಕಡಿ ಹುಟ್ಟತೈತಿ, ನಿನ್ನ ಕಡಿ ಯಾಕ ಹುಟ್ಟೂದಿಲ್ಲ? ಹೇಳ," ಎಂದ.

ನಂದಾ ಉತ್ತರ ಕೊಡುವ ಮೊದಲೇ ತಾಯವ್ವ ಬಾಯಿ ಹಾಕಿದಳು. "ಆಕಿನ್ನೇನ ಕೇಳ್ತಿ? ಹೊಟ್ಟೀಲೆ ಒಂದ ಹೆಣ್ಣರ ಹುಟ್ಟಿತು. ಕೈಲೆ ಅದೂ ಇಲ್ಲ."

ಕಾಜಲ್ ಹುಟ್ಟಿದ ಮೇಲೆ ನಂದಾಳಿಗೆ ಎರಡು ಬಸಿರು ಇಳಿದುಹೋಗಿದ್ದವು. ಎರಡನೆಯದಕ್ಕೆ ಏಳು ತಿಂಗಳು. ಗಂಡು. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಭೀಮಶಿ ಕೂಡ ಕೈ ತೊಳೆಯುವ ನೆಪದಲ್ಲಿ ಎದ್ದುಹೋದ. ನಂದಾ ಒಲೆಯ ಕಡೆ ತಿರುಗಿ ಕೂತು ಉಳಿದ ಹಿಟ್ಟನ್ನೆಲ್ಲ ತಟ್ಟಿದಳು. ಎರಡು ದಿನಕ್ಕಾಗುವಷ್ಟು ರೊಟ್ಟಿ ಆದವು.

ನಾಲ್ವತ್ತನೆಯ ದಿನ ಕಾಶಿನಾಥ ಬಂದ. ತಾಯವ್ವ ಚಹಾ ಮಾಡಿಸಿ, ರಸ್ತೆಯ ಬದುವಿನ ಮೇಲೆ ಕಂಬಳಿ ಹಾಸಿದ್ದಳು. "ಇಲ್ಲೇ ಕುಂದರ್ರಿ ಸಾಹೇಬ್ರ. ಇಲ್ಲಿಂದ ಎಲ್ಲಾ ಕಾಣತೈತಿ. ನೋಡ್ರಿ ಅಲಸಂದಿ, ಬಳ್ಳಿ ಹೆಂಗ ಏರೇತಿ."

"ಭಾರೀ ಐತಿ ಅಜ್ಜಿ. ಆದ್ರ ಕುಂತ ನೋಡೂ ಕಾಲಾ ಹೋತು," ಎಂದು ಅವನು ಮೊಬೈಲು ತೆಗೆದ. "ಎಲ್ಲಿ ನಿಲ್ಲಬೇಕು ಅಂತ ಇದ ಹೇಳ್ತೈತಿ. ಐದ ಕಡೆ. ಅಲ್ಲೇ ಹೋಗಿ ಫೋಟೋ ಹೊಡದ್ರನ ತೊಗೊಳ್ಳೂದು."

ಅವನು ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಎರೆ ಮಣ್ಣಿಗಿಳಿದ. ಒಂದು ಕಡೆ ಅವಳ ಸಾಲಿನಲ್ಲಿ ನಿಂತ. ಉಳಿದ ನಾಲ್ಕೂ ಹಳ್ಳದ ಕಡೆ ಬಿದ್ದವು. ನಾಲ್ಕು ಕಡೆಯೂ ಬೋಳು ಸಾಲಿನ ಫೋಟೋ ಹೊಡೆದ. ಮೊಬೈಲಿನಲ್ಲಿ ಕೆಂಪು ಗುರುತು ಬಂತು.

"ನನ್ನ ಕೈಯಾಗ ಏನೂ ಇಲ್ರಿ ಭೀಮಶಿಯವರ. ಅರ್ಧ ಹೊಲದಾಗ ಅಕ್ಕಡಿ ಇಲ್ಲ. ಆಗೂದಿಲ್ಲ," ಎಂದ. ಚಹಾ ಕುಡಿಯದೆ ಹೋದ. ಅವನಿಗೂ ಬೇಜಾರಾಗಿತ್ತು.

"ಮಗಾ, ಮುಂದಿನ ವರ್ಷ ಮತ್ತ ಅರ್ಜಿ..." ಎಂದು ತಾಯವ್ವ ಶುರುಮಾಡಿದಳು.

"ಯವ್ವಾ, ನಾ ಮದ್ಲ ಹೇಳಿದ್ನಿ. ಈಗ ನನಗ ಏನೂ ಹೇಳಬ್ಯಾಡ."

"ನನ್ನ ಕಡಿಯ ಸಾಲರ ಬಿಡೋ! ಬಂದ ನಿಂತಾವಲ್ಲೋ, ಹೂವಿಗೆ ಬಂದಾವು!"

"ಅರ್ಧ ಹೊಲಕ್ಕ ಕಬ್ಬ, ಅರ್ಧಕ್ಕ ಜೋಳಾ, ನೀರ ಹೆಂಗ ಬಿಡ್ಲಿ? ನಿನ್ನ ಸೊಸೀನ್ನ ಕೇಳ ಹೋಗ. ಆಕೀ ಕೈ ಮಾಡಿದ್ದು ಇದು."

ಮೂರನೆಯ ದಿನ ಬಾಡಿಗೆಯ ಟ್ರ್ಯಾಕ್ಟರು ಬಂತು. ತಾಯವ್ವ ಬದುವಿನ ಮೇಲೆ ಕೂತು ನೋಡಿದಳು. ಮೊಣಕಾಲೆತ್ತರದ ಜೋಳ, ಹೂಬಿಟ್ಟ ಅಲಸಂದಿ, ನೆಲಕ್ಕೆ ಹಬ್ಬಿದ ಮಡಿಕಿ, ಎಲ್ಲ ಒಂದೇ ಉಸಿರಿಗೆ ಮಣ್ಣಿನೊಳಗೆ ಹೋಯಿತು. ಬದುವಿಗೂ ಎರಡು ಸುತ್ತು ಹೊಡೆಸಿದ ಭೀಮಶಿ. ಇನ್ನೊಂದು ಸಾಲು ಕಬ್ಬು ಕೂಡುತ್ತದಂತೆ. ಅಲ್ಲಿದ್ದ ಎರಡು ಬನ್ನಿ ಗಿಡ, ಒಂದು ಬೇವು ಮಧ್ಯಾಹ್ನದೊಳಗೆ ಉರುಳಿದವು. ತನ್ನ ಮೂಗು ಕೊಯ್ದುಕೊಂಡು ಎದುರಿಗಿನವರಿಗೆ ಅಪಶಕುನ ಮಾಡುವುದು ಅನ್ನುತ್ತಾರಲ್ಲ, ತಾಯವ್ವ ಮಾಡಿಕೊಂಡದ್ದು ಅದನ್ನೇ. ಬಾಯಿ ಬಿಟ್ಟು ಅಳಲೂ ಧೈರ್ಯವಿರಲಿಲ್ಲ.

ವಾರದೊಳಗೆ ಕಬ್ಬು ನಾಟಿಯಾಯಿತು. ಆದರೂ ತಾಯವ್ವ ಪೂರ್ತಿ ಸೋಲಲಿಲ್ಲ. ಹೊಲ ಹೋದರೇನು, ಗಂಟು ಇದೆ. ಹಿತ್ತಲಿದೆ. ದನದ ಕೊಟ್ಟಿಗೆಯ ಹಿಂದೆ ನಾಲ್ಕು ಮಾರು ಜಾಗ ಕೆದರಿ, ಒಂದೊಂದು ಹಿಡಿ ಊರಿದರೂ ಬೀಜ ಉಳಿಯುತ್ತದೆ. ಕೂರಿಗೆಯಿಲ್ಲದೆ, ಮಗನ ಹಂಗಿಲ್ಲದೆ. ಯಾರಾದರೂ ಕೇಳಿದರೆ ಕರೆವ್ವನ ಮನೆಯಿಂದ ತಂದೆನೆಂದರಾಯಿತು. ದಿನಾ ಬೆಳಗ್ಗೆ ಆ ಜಾಗದ ಕಲ್ಲು ಆರಿಸತೊಡಗಿದಳು.

ಒಂದು ಭಾನುವಾರ ಕಾಜಲ್ ಒದ್ದೆ ಗೋಣಿಚೀಲದ ತುಂಡೊಂದನ್ನು ತಂದು ಅಜ್ಜಿಯ ಮುಂದೆ ಬಿಚ್ಚಿದಳು. ಒಳಗೆ ಇಪ್ಪತ್ತು ಅಲಸಂದಿ, ಮೆತ್ತಗಾಗಿ, ಬೂಸರು ಹಿಡಿದು.

"ಆಯಿ, ಅವ್ವನ ಉಡ್ಯಾಗ ಬಿತ್ತಿ ಉಳದ ಕಾಳ ಇವು. ಐದ ದಿನ ಇಟ್ಟಿದ್ನಿ. ಇಪ್ಪತ್ತಕ್ಕ ಒಂದೂ ಮೊಳಕಿ ಬಂದಿಲ್ಲ. ಯಾಕ?"

"ನಿಮ್ಮವ್ವನ ಕೈಗುಣಾ."

"ಇವನ್ನ ಇಟ್ಟಾಕಿ ನಾನು. ನನ್ನ ಕೈ."

ತಾಯವ್ವ ಗೋಣಿತುಂಡನ್ನು ಆಚೆ ಸರಿಸಿದಳು.

"ಬೀಜ ಹಳೇದಾದ್ರ ಹತ್ತರಾಗ ನಾಲ್ಕರ ಬರತಾವು. ಹುಳಾ ಹೊಡದ್ರ ತೂತ ಕಾಣತೈತಿ. ಒಂದೂ ಬರಬಾರದಂದ್ರ ಬೆಂಕಿ ಕಂಡಿರಬೇಕು. ಆಯಿ, ನೀ ಹುರದಿಯೇನ?"

"ಸಾಲಿ ಕಲತದ್ದು ಅಜ್ಜೀನ್ನ ಕೇಳಾಕೇನ? ಎದ್ದ ಹೋಗ!"

ಬಾಗಿಲಲ್ಲಿ ನಂದಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೈಯಲ್ಲಿ ಕಸಬರಿಗೆ ಇತ್ತು. ತಾಯವ್ವ ಬೈಗುಳಕ್ಕೆ ತಯಾರಾಗಿ ಸೊಂಟ ನೆಟ್ಟಗೆ ಮಾಡಿದಳು. ನಂದಾ ಬೈಯಲಿಲ್ಲ, ಅಳಲಿಲ್ಲ, ಒಳಗೆ ಹೋಗಿ ಕಸ ಹೊಡೆದಳು. ಗಂಡನಿಗೂ ಏನೂ ಹೇಳಿದಂತೆ ಕಾಣಲಿಲ್ಲ. ಎರಡು ದಿನ ತಾಯವ್ವ ಹೆದರಿದಳು. ಮೂರನೆಯ ದಿನ ಹೆದರಿಕೆ ಬಿಟ್ಟಳು. ಎಷ್ಟಾದರೂ ಸೊಸೆ, ಎಲ್ಲಿ ಹೋದಾಳು?

ಆ ಮೂರನೆಯ ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಂದಾ ಎಲ್ಲರನ್ನೂ ಊಟಕ್ಕೆ ಕರೆದಳು. ಬಿಸಿ ರೊಟ್ಟಿ, ಅಲಸಂದಿ ಗುಗ್ಗರಿ, ಮಡಿಕಿ ಉಸುಳಿ, ಹೆಸರು-ತೊಗರಿ ಕೂಡಿಸಿದ ಸಾರು, ಗುರೆಳ್ಳು ಚಟ್ನಿ. ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಅಂಗಳದ ತನಕ ಹೋಗಿತ್ತು.

"ಏನ ಇವತ್ತ, ಹಬ್ಬಾ ಮಾಡೀದಿ?" ಎಂದು ಭೀಮಶಿ ಎರಡು ಕೈಯಿಂದ ಶುರುಮಾಡಿದ. ಕಾಜಲ್ ತಾಟಿನ ಮುಂದೆ ಕೂತಿದ್ದಳು, ಉಣ್ಣುತ್ತಿರಲಿಲ್ಲ. ಅತ್ತು ಕಣ್ಣು ಕೆಂಪಾಗಿದ್ದವು.

ತಾಯವ್ವ ಒಂದು ತುತ್ತು ಬಾಯಿಗಿಟ್ಟಳು. ರುಚಿ ನಾಲಿಗೆಗೆ ಹತ್ತಿದೊಡನೆ ಅವಳ ಕೈ ನಿಂತಿತು. ತಾಟಿನಲ್ಲಿ ನೋಡಿದಳು. ಕರೀ ಮೂತಿ. ಒಂದೊಂದು ಕಾಳಿಗೂ ಕರೀ ಮೂತಿ. ಎದ್ದು ಪೀಪಾಯಿಯ ಕಡೆ ಓಡಬೇಕೆನಿಸಿತು, ಮಗ ಎದುರಿಗೇ ಕೂತಿದ್ದ.

"ರುಚಿ ಭಾರೀ ಐತಿ," ಎಂದ ಭೀಮಶಿ. "ನಮ್ಮ ಅಕ್ಕಡಿ ಕಾಳಿನಂಗ ಐತೆಲ್ಲ! ಎಲ್ಲಿಂದ ಬಂತು ಇಷ್ಟ ಕಾಳ? ಬೀಜಕ್ಕ ಕೇಳಿದಾಗ ಒಂದ ಹಿಡಿ ಇರಲಿಲ್ಲ."

"ಅತ್ತೀನ್ನ ಕೇಳ್ರಿ," ಎಂದಳು ನಂದಾ. ಗಂಡನ ತಾಟಿಗೆ ಇನ್ನೊಂದು ಸೌಟು ಹಾಕಿದಳು. "ಅವರಿಗೆ ಗೊತ್ತು."

ಭೀಮಶಿ ತಲೆಯೆತ್ತಿ ತಾಯಿಯನ್ನು ನೋಡಿದ. ತಾಯವ್ವನ ಬಾಯಲ್ಲಿ ತುತ್ತು ಹಾಗೇ ಇತ್ತು. ತನ್ನ ಬೀಜವೆಂದರೆ ಆಣೆ ಸುಳ್ಳಾಗುತ್ತದೆ. ಆಣೆ ಸುಳ್ಳಾದರೆ ಉಡಿಯ ಮಾತು ಬರುತ್ತದೆ, ಹಂಚಿನ ಮಾತು ಬರುತ್ತದೆ, ಹೊಲ ಯಾರಿಂದ ಹೋಯಿತು ಎನ್ನುವ ಮಾತು ಬರುತ್ತದೆ. ಇನ್ನು ಈ ಮಗನ ಮನೆಯಲ್ಲಿ ಉಣ್ಣಬೇಕಲ್ಲ.

"ಪ್ಯಾಟಿ ಕಾಳ," ಎಂದಳು. "ಗೋಕಾಕ ಸಂತ್ಯಾಗ ತರಿಸಿದ್ನಿ."

"ಪ್ಯಾಟಿವೇನ? ಹಂಗಾರ ಇಷ್ಟ ವರ್ಷ ಹೊಲದಾಗ ಯಾಕ ಒದ್ದಾಡಿದಿ, ಸಂತ್ಯಾಗ ಸಿಗತಿದ್ರ?" ಎಂದು ಭೀಮಶಿ ನಕ್ಕ. "ಹಾಕ ನಂದಾ, ಅವ್ವಗ ಇನ್ನೊಂದೀಟ ಹಾಕ."

ನಂದಾ ಹಾಕಿದಳು. ತಾಯವ್ವ ಉಂಡಳು. ಎಲ್ಲ ಉಂಡಳು, ಬಿಟ್ಟರೆ ಮಗ ಯಾಕೆಂದು ಕೇಳುತ್ತಾನೆಂದು.

ಭೀಮಶಿ ಕೈ ತೊಳೆದು ಮೋಟಾರು ಚಾಲೂ ಮಾಡಲು ಹೊಲಕ್ಕೆ ಹೋದ. ಬಾಗಿಲು ದಾಟಿದ್ದೇ ತಡ ತಾಯವ್ವ ಸೊಸೆಯ ಸೆರಗು ಹಿಡಿದಳು.

"ಒಂದ ಹಿಡಿಯರ ಇಟ್ಟೀಯೇನ ನಂದಾ? ನಮ್ಮವ್ವನ ಬೀಜಾ ಅದು. ಹತ್ತ ಕಾಳರ?"

"ಬ್ಯಾಡಂತ ಕಾಲ ಹಿಡದ್ನಿ ನಾ," ಎಂದಳು ಕಾಜಲ್, ಅಳುತ್ತ. "ಕಾಲೇಜಿಗೆ ಕೊಡೂಣು, ಅಲ್ಲೆ ಉಳಸ್ತಾರ ಅಂದ್ನಿ. ಜೋಳದ ಪೀಪಾಯ್ಯಾಗ ಸಿಕ್ಕ ಗಂಟ ಸುರದ ಎಲ್ಲಾ ಕುದಿಸ್ಯಾಳ."

ನಂದಾ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಬಿಡಿಸಿದಳು.

"ಇಟ್ಟೇನ್ರಿ ಅತ್ತಿ," ಎಂದಳು. "ಕಾಜಲ್ ತೊಗೊಂಡ ಇಪ್ಪತ್ತು ಕಾಳ ಬಿಟ್ಟು, ನೀವು ನನ್ನ ಉಡಿ ತುಂಬಿದ್ದು ಬಿತ್ತಿ ಉಳದದ್ದೆಲ್ಲಾ ಹಂಗ ಐತಿ. ಹಿತ್ತಲದಾಗ ಜಾಗಾ ಹಸನ ಮಾಡಾಕತ್ತೀರಲ್ಲ, ಅಲ್ಲೆ ಹಾಕ್ರಿ."

ಮುಸುರೆ ತಾಟುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅವಳು ಬಚ್ಚಲಿಗೆ ಹೋದಳು.